ಹಂಚಿನ ಮಾಡು, ಶೀಟಿನ ಮಾಡು: ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ 40 ವರ್ಷದ ವೆಚ್ಚದ ತುಲನೆ

ಸಾರಾಂಶ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮಂಗಳೂರು ಹಂಚಿನ ಜಾಗಕ್ಕೆ ಲೋಹದ ಶೀಟು ಬರುತ್ತಿದೆ. ಶೀಟನ್ನು ಒಪ್ಪುವವರೂ ಒಪ್ಪದವರೂ ಹೆಚ್ಚಾಗಿ ಹೊದಿಕೆಯ ಬೆಲೆಯನ್ನೇ ಹಿಡಿದು ವಾದಿಸುತ್ತಾರೆ. ಮಾಡಿನ 40 ವರ್ಷಗಳ ಒಟ್ಟು ಖರ್ಚನ್ನು ಇಂದಿನ ಮೌಲ್ಯಕ್ಕೆ ಇಳಿಸಿ ನೋಡಿದರೆ ತೀರ್ಮಾನವನ್ನು ಅತ್ತಿತ್ತ ಮಾಡುವ ಸಂಗತಿಗಳು ಬೇರೆಯೇ ಎಂಬುದು ಈ ಲೇಖನದ ವಾದ. ಶೀಟಿನ ಮಟ್ಟಿಗೆ ಅದು ಸಮುದ್ರದಿಂದ ಮನೆಗಿರುವ ದೂರ. ಹಂಚಿನ ಮಟ್ಟಿಗೆ ವರ್ಷಕ್ಕೊಮ್ಮೆ ಮಾಡು ಹತ್ತುವ ಕೈಗಳ ಕೂಲಿ.

1. ಪೀಠಿಕೆ

ಹಂಚು ನಮ್ಮ ಸಂಪ್ರದಾಯ, ಶೀಟು ಈಚಿನ ಹಾವಳಿ ಎಂಬ ಮಾತು ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಹೆನ್ರಿ ರಾಬಿನ್ಸನ್ ಪಾಮರ್ ಅಲೆಯಲೆಯಾದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದದ್ದು 1829ರಲ್ಲಿ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಪೇಟೆಂಟ್ ಪಡೆದದ್ದು 1837ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳುತನದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಎರಡೂ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯ ಸರಕುಗಳೇ. ವಯಸ್ಸಿನಲ್ಲಿ ತಗಡೇ ಹಿರಿದು.

ಅದಕ್ಕೂ ಮೊದಲು ಇಲ್ಲಿನ ಮಾಡಿಗೆ ಇದ್ದದ್ದು ಮುಳಿಹುಲ್ಲು, ಅಡಿಕೆಯ ಸೋಗೆ, ಉಳ್ಳವರಿಗೆ ನಾಡಹಂಚು. ಹುಲ್ಲು ಮತ್ತು ಸೋಗೆಯನ್ನು ಮತ್ತೆ ಮತ್ತೆ ಹೊದಿಸಬೇಕಿತ್ತು. ನೇತ್ರಾವತಿ, ಗುರುಪುರ ನದಿಗಳ ಮಣ್ಣಿನಿಂದ ಒತ್ತಿ ಸುಟ್ಟ ಹಂಚು ಆ ಶ್ರಮವನ್ನು ತಪ್ಪಿಸಿತು. ಒಮ್ಮೆ ಹೆಚ್ಚು ಕೊಟ್ಟರೆ ಮುಂದೆ ಕಡಿಮೆ ಖರ್ಚು ಎಂಬ ಲೆಕ್ಕದಲ್ಲೇ ಹಂಚು ಊರೂರಿಗೆ ಹಬ್ಬಿತು. ಇಂದು ಅದೇ ಲೆಕ್ಕವನ್ನು ಶೀಟು ಮಾರುವವರು ಹಂಚಿನ ವಿರುದ್ಧ ಹೂಡುತ್ತಿದ್ದಾರೆ.

ಈ ವಾದಕ್ಕೆ ಅವರು ಕೊಡುವ ಬಾಳಿಕೆಯ ಅಂಕಿಗಳ ಮೂಲವನ್ನು ಗಮನಿಸಬೇಕು. ಉತ್ತರ ಅಮೆರಿಕದಲ್ಲಿ ಮನೆಮಾಲೀಕರ ಆಯ್ಕೆ ಇರುವುದು ಡಾಂಬರು ಲೇಪದ ಶಿಂಗಲ್ಸ್ ಮತ್ತು ಲೋಹದ ಮಾಡಿನ ನಡುವೆ. ಅಲ್ಲಿ ಶಿಂಗಲ್ಸ್ ಅಗ್ಗ, ಬೇಗ ಹಳತಾಗುವಂಥದು. ಲೋಹ ದುಬಾರಿ, ದೀರ್ಘಕಾಲದ್ದು. ನಮ್ಮಲ್ಲಿ ಪಾತ್ರಗಳು ಅದಲುಬದಲಾಗಿವೆ: ಲೋಹದ ಶೀಟೇ ಅಗ್ಗದ, ಬೇಗ ಮುಗಿಯುವ ಹೊದಿಕೆ. ಅಲ್ಲಿನ ದಪ್ಪ ಲೇಪದ ಲೋಹಕ್ಕೆ ಹೇಳಿದ ಆಯಸ್ಸನ್ನು ಇಲ್ಲಿನ ತೆಳು ಶೀಟಿಗೆ ಅಂಟಿಸಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ.

2. ಲೆಕ್ಕದ ವಿಧಾನ

ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ರೂಪಾಯಿಯನ್ನು ಬಳಸಿಲ್ಲ. ಕಬ್ಬಿಣದ ಚೌಕಟ್ಟು ಸೇರಿ ಶೀಟಿನ ಮಾಡಿನ ಮೊದಲ ಖರ್ಚನ್ನು 100 ಎಂದು ಇಟ್ಟುಕೊಂಡಿದೆ. ಶೀಟು ಬದಲಿಸುವ ಖರ್ಚು 50, ಚೌಕಟ್ಟಿಗೆ ಒಮ್ಮೆ ಬಣ್ಣ ಹೊಡೆಸಲು 5. ಹಂಚಿನ ಮಾಡಿಗೆ ವರ್ಷದ ದುರಸ್ತಿ ಆಳಿಟ್ಟು ಮಾಡಿಸಿದರೆ 2, ಮನೆಯವರೇ ಮಾಡಿದರೆ ಒಡೆದ ಹಂಚಿನ ಬೆಲೆಯಾಗಿ 0.5, 20ನೇ ವರ್ಷ ಹಂಚು ಕೂರುವ ಪಟ್ಟಿಗಳನ್ನು, ಅಂದರೆ ರೀಪನ್ನು, ಬದಲಿಸಲು 20. ಹಣದುಬ್ಬರ ಕಳೆದ ಬಡ್ಡಿ 3%. ಇವು ಸಮೀಕ್ಷೆಯ ಅಂಕಿಗಳಲ್ಲ, ಲೆಕ್ಕಕ್ಕಾಗಿ ಮಾಡಿಕೊಂಡ ಊಹೆಗಳು. ಓದುಗರು ತಮ್ಮ ಊರಿನ ಬಡಗಿ ಮತ್ತು ವೆಲ್ಡರ್ ಹೇಳುವ ದರವನ್ನು ಇವುಗಳ ಜಾಗದಲ್ಲಿಟ್ಟು ಲೆಕ್ಕವನ್ನು ಮತ್ತೆ ಮಾಡಬಹುದು.

ಉತ್ತರವಾಗಿ ಹುಡುಕುವುದು ಒಂದೇ ಸಂಖ್ಯೆಯನ್ನು: ಹಂಚಿನ ಮಾಡಿನ ಮೊದಲ ಖರ್ಚು ಎಷ್ಟರವರೆಗೆ ಏರಿದರೂ 40 ವರ್ಷಗಳಲ್ಲಿ ಅದು ಶೀಟಿಗೆ ಸಮನಾಗುತ್ತದೆ? ಇದನ್ನು ಸರಿತೂಗುವ ಅಂಕಿ ಎಂದು ಕರೆದಿದೆ.

3. ಶೀಟಿನ ಆಯಸ್ಸು

ಶೀಟಿನ ಆಯಸ್ಸನ್ನು ತೀರ್ಮಾನಿಸುವುದು ಉಕ್ಕಿನ ದಪ್ಪಕ್ಕಿಂತ ಹೆಚ್ಚಾಗಿ ಅದರ ಮೇಲಿನ ಲೇಪ. ಜೆಡ್ 275 ಎಂದರೆ ಒಂದು ಚದರ ಮೀಟರ್ ತಗಡಿನ ಎರಡೂ ಮೈ ಸೇರಿ 275 ಗ್ರಾಂ ಸತುವು. ಒಂದು ಮೈಗೆ ಅದು ಸುಮಾರು 19 ಮೈಕ್ರಾನ್ ಆಗುತ್ತದೆ. ಜೆಡ್ 120ರಲ್ಲಿ ಇದು 8 ಮೈಕ್ರಾನ್ ಮಾತ್ರ. ಅಂಗಡಿಯಲ್ಲಿ ಎರಡೂ ಒಂದೇ ಹೊಳಪಿನಿಂದ ಮಿನುಗುತ್ತವೆ.

ಗಾಳಿಯ ಕೊರೆಯುವ ಗುಣವನ್ನು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9223 ದರ್ಜೆಗಳಾಗಿ ವಿಂಗಡಿಸಿದೆ. ಸಿ3 ದರ್ಜೆಯಲ್ಲಿ ಸತುವು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ, ಸಿ4ರಲ್ಲಿ 2.1ರಿಂದ 4.2, ಸಿ5ರಲ್ಲಿ 4.2ರಿಂದ 8.4. ಈ ಪ್ರಕಾರ 19 ಮೈಕ್ರಾನಿನ ಲೇಪ ಸಿ3ರಲ್ಲಿ 9ರಿಂದ 27 ವರ್ಷ, ಸಿ4ರಲ್ಲಿ 5ರಿಂದ 9 ವರ್ಷ, ಸಿ5ರಲ್ಲಿ 2ರಿಂದ 5 ವರ್ಷ ಬಾಳೀತು. ಅಲೆಯ ತುಂತುರು ಗಾಳಿಯಲ್ಲಿ ಬರುವ ಕಡಲಂಚಿನ ಮನೆಗೂ ಘಟ್ಟದ ಮೇಲಿನ ಮನೆಗೂ ಒಂದೇ ಶೀಟು, ಒಂದೇ ಬೆಲೆ. ಆಯಸ್ಸು ಮಾತ್ರ ಹಲವು ಪಟ್ಟು ಬೇರೆ. ಬಣ್ಣದ ಪದರ ಇನ್ನಷ್ಟು ವರ್ಷ ಕೂಡಿಸುತ್ತದೆ, ಆದರೆ ಕತ್ತರಿಸಿದ ಅಂಚಿಗೂ ಸ್ಕ್ರೂ ಕೊರೆದ ತೂತಿಗೂ ಆ ರಕ್ಷಣೆ ಇಲ್ಲ. ಅಲ್ಯುಮಿನಿಯಂ 55%, ಉಳಿದದ್ದು ಬಹುಪಾಲು ಸತುವು ಇರುವ ಮಿಶ್ರಲೇಪ 1972ರಿಂದ ಮಾರುಕಟ್ಟೆಯಲ್ಲಿದೆ. ಅಷ್ಟೇ ದಪ್ಪದ ಬರೀ ಸತುವಿಗಿಂತ ಅದು ನಿಧಾನವಾಗಿ ಸವೆಯುತ್ತದೆ.

ಮಳೆ ಹೆಚ್ಚಾದಷ್ಟೂ ಶೀಟು ಬೇಗ ಹಾಳಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಮಳೆ ಉಪ್ಪನ್ನು ತೊಳೆಯುತ್ತದೆ. ಮೊದಲು ತುಕ್ಕು ಕಾಣುವುದು ಮಳೆ ತಾಗದ ಸೂರಿನಡಿಯಲ್ಲಿ, ಶೀಟಿನ ಮೇಲೆ ಶೀಟು ಕೂರುವ ಜೋಡಣೆಯಲ್ಲಿ. ಕೊಟ್ಟಿಗೆಯ ಮಾಡಿನಲ್ಲಿ ಗಂಜಲದ ಅಮೋನಿಯಾ ಕೂಡ ಇದೇ ಕೆಲಸವನ್ನು ಒಳಗಿನಿಂದ ಮಾಡುತ್ತದೆ.

ಮುಂದಿನ ಲೆಕ್ಕಕ್ಕಾಗಿ ಬಣ್ಣದ ಪದರದ ನೆರವನ್ನೂ ಸೇರಿಸಿ ಒಳನಾಡಿನ ಶೀಟಿಗೆ 25 ವರ್ಷ, ಕಡಲಂಚಿನ ಶೀಟಿಗೆ 10 ವರ್ಷ ಆಯಸ್ಸು ಕೊಟ್ಟಿದೆ. ಚೌಕಟ್ಟಿನ ಬಣ್ಣ ಒಳನಾಡಿನಲ್ಲಿ 8 ವರ್ಷಕ್ಕೊಮ್ಮೆ, ಕಡಲಂಚಿನಲ್ಲಿ 4 ವರ್ಷಕ್ಕೊಮ್ಮೆ.

4. ಹಂಚಿನ ಆಯಸ್ಸು

ಚೆನ್ನಾಗಿ ಬೆಂದ ಹಂಚಿಗೆ ತುಕ್ಕಿನ ಭಯವಿಲ್ಲ. ಹಳೆಯ ಮನೆಗಳಲ್ಲಿ ತಲೆಮಾರುಗಳನ್ನು ಕಂಡ ಹಂಚುಗಳು ಈಗಲೂ ನೀರು ತಡೆಯುತ್ತಿವೆ. ಆದರೆ ಹಂಚಿನ ಮೇಲೆ 1865 ಎಂದು ಅಚ್ಚೊತ್ತಿದ್ದರೆ ಅದನ್ನೇ ಹಂಚಿನ ವಯಸ್ಸಿಗೆ ಸಾಕ್ಷಿಯಾಗಿ ಹಿಡಿಯಬಾರದು. ಅದು ಕಾರ್ಖಾನೆ ಹುಟ್ಟಿದ ವರ್ಷ.

ಹಂಚಿನ ಮಾಡಿನಲ್ಲಿ ಮೊದಲು ಸೋಲುವುದು ಹಂಚಿನಡಿಯ ಮರ. ಒಂದು ಚದರ ಮೀಟರಿಗೆ ಸುಮಾರು 15 ಹಂಚು, ಒಟ್ಟು 40 ಕಿಲೋ ಆಸುಪಾಸಿನ ಭಾರ. ಅಷ್ಟೇ ಜಾಗದ ಶೀಟು 5 ಕಿಲೋ. ಈ ಭಾರವನ್ನು ಹೊರುವ ಪಕ್ಕಾಸು ಒಳ್ಳೆಯ ಮರದ್ದಾದರೆ ಹಂಚಿನಷ್ಟೇ ಬಾಳುತ್ತದೆ. ರೀಪಿಗೆ ಅಡಿಕೆ ದಬ್ಬೆ ಹಾಕಿದರೆ ಅದು ಬೇಗ ಕುಂಬಾಗುತ್ತದೆ, ಇಲ್ಲವೇ ಗೆದ್ದಲಿಗೆ ತುತ್ತಾಗುತ್ತದೆ. ಒಲೆಯ ಹೊಗೆ ಅಟ್ಟಕ್ಕೇರಿ ಮರವನ್ನು ಹುಳದಿಂದ ಕಾಯುತ್ತಿದ್ದ ಕಾಲ ಗ್ಯಾಸಿನ ಒಲೆಯೊಂದಿಗೆ ಮುಗಿದಿದೆ. ಹೊಸ ಮರ ದುಬಾರಿ. ಸ್ವಂತ ಜಾಗದ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡುಗಳಿವೆ.

ಎರಡನೆಯದು ಕೂಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು ಮಲೆನಾಡಿನಲ್ಲಿ ವರ್ಷದ ಕೆಲಸ: ಕಸ ಗುಡಿಸುವುದು, ಪಾಚಿ ಕೆರೆಯುವುದು, ಸರಿದ ಹಂಚನ್ನು ಕೂರಿಸುವುದು, ಒಡೆದದ್ದನ್ನು ಬದಲಿಸುವುದು. ಮಂಗಗಳ ಕಾಟವಿರುವ ಊರಲ್ಲಿ ಇದು ವರ್ಷಕ್ಕೆ ಒಮ್ಮೆಗೆ ನಿಲ್ಲುವುದಿಲ್ಲ. ಮಾಡು ಹತ್ತಲು ಮನೆಯ ಹುಡುಗರಿದ್ದಾಗ ಈ ಖರ್ಚು ಯಾರ ಲೆಕ್ಕಪುಸ್ತಕದಲ್ಲೂ ಬರೆಯಲ್ಪಡುತ್ತಿರಲಿಲ್ಲ. ಅವರು ಬೆಂಗಳೂರು ಸೇರಿದ ಮೇಲೆ ಅದು ಕಾಣಿಸತೊಡಗಿತು.

5. ಫಲಿತಾಂಶ

ಒಳನಾಡಿನಲ್ಲಿ ಶೀಟಿನ 40 ವರ್ಷದ ಖರ್ಚು ಇಂದಿನ ಮೌಲ್ಯದಲ್ಲಿ ಹೀಗೆ ಕೂಡುತ್ತದೆ: ಮೊದಲ ಖರ್ಚು 100, 25ನೇ ವರ್ಷದ ಬದಲಾವಣೆ 23.9, ನಾಲ್ಕು ಬಾರಿಯ ಬಣ್ಣ 11.5; ಒಟ್ಟು ಸುಮಾರು 135. ಕಡಲಂಚಿನಲ್ಲಿ ಮೂರು ಬಾರಿಯ ಬದಲಾವಣೆಗೆ 85.5, ಒಂಬತ್ತು ಬಾರಿಯ ಬಣ್ಣಕ್ಕೆ 26.1 ಸೇರಿ ಸುಮಾರು 212. ಹಂಚಿನ ಮಾಡಿಗೆ ಮೊದಲ ಖರ್ಚಿನ ಮೇಲೆ ಬೀಳುವ ಹೊರೆ ಆಳಿಟ್ಟರೆ 57.3, ಮನೆಯವರೇ ಮಾಡಿದರೆ 22.6. ಇವುಗಳಿಂದ ಹೊರಡುವ ಸರಿತೂಗುವ ಅಂಕಿಗಳನ್ನು ಪೂರ್ಣಾಂಕದಲ್ಲಿ ಕೆಳಗೆ ಕೊಟ್ಟಿದೆ.

| ಮನೆಯ ಜಾಗ | ಆಳಿಟ್ಟು ಕೈಯಾಡಿಸಿದರೆ | ಮನೆಯವರೇ ಕೈಯಾಡಿಸಿದರೆ |
|---|---|---|
| ಒಳನಾಡು | 78 | 113 |
| ಕಡಲಂಚು | 154 | 189 |

ಒಳನಾಡಿನಲ್ಲಿ ಆಳಿಟ್ಟು ನೋಡಿಕೊಳ್ಳುವ ಮನೆಗೆ ಹಂಚು ಲಾಭವಾಗಬೇಕಾದರೆ ಅದರ ಮೊದಲ ಖರ್ಚು ಶೀಟಿಗಿಂತ ಕಾಲುಭಾಗದಷ್ಟು ಕಡಿಮೆ ಇರಬೇಕು. ಹೊಸದಾಗಿ ಮರ ಕೊಂಡು ಕಟ್ಟುವವರಿಗೆ ಇದು ಆಗದ ಮಾತು. ಅದೇ ಕಡಲಂಚಿನಲ್ಲಿ ಹಂಚಿಗೆ ಒಂದೂವರೆ ಪಟ್ಟು ಸುರಿದರೂ ನಷ್ಟವಿಲ್ಲ. ಆದರೆ ಅಲ್ಲಿ ಹಂಚನ್ನು ಮರದ ಬದಲು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರೆ ಬಣ್ಣದ ಖರ್ಚು ಹಂಚಿನ ಕಡೆಗೂ ಸೇರಿ ಈ ಅಂತರ ಕುಗ್ಗುತ್ತದೆ.

ಬಡ್ಡಿಯನ್ನು 6%ಕ್ಕೆ ಏರಿಸಿದರೆ ಆಳಿಡುವ ಮನೆಯ ಅಂಕಿ ಒಳನಾಡಿನಲ್ಲಿ 82, ಕಡಲಂಚಿನಲ್ಲಿ 133 ಆಗುತ್ತದೆ, ತೀರ್ಮಾನ ಬದಲಾಗುವುದಿಲ್ಲ. ಕೂಲಿಯ ವಿಷಯ ಹಾಗಲ್ಲ. ಉಳಿದೆಲ್ಲವನ್ನೂ ಹಾಗೇ ಇಟ್ಟು ಹಂಚಿನ ದುರಸ್ತಿ ಕೂಲಿಯನ್ನು ಮಾತ್ರ ಹಣದುಬ್ಬರಕ್ಕಿಂತ ವರ್ಷಕ್ಕೆ 2% ಹೆಚ್ಚು ಏರಿಸಿದರೆ ಒಳನಾಡಿನ 78 ಎಂಬುದು 58ಕ್ಕೆ ಕುಸಿಯುತ್ತದೆ.

ಈಗಾಗಲೇ ಹಂಚಿನ ಮಾಡಿರುವ ಮನೆಯ ಪ್ರಶ್ನೆ ಬೇರೆ. ಅಲ್ಲಿ ಮೊದಲ ಖರ್ಚು ಎಂದೋ ಆಗಿಹೋಗಿದೆ. ಮರ ಗಟ್ಟಿಯಿದ್ದರೆ ಹಂಚನ್ನು ಉಳಿಸಿಕೊಳ್ಳಲು 57, ಕಿತ್ತು ಶೀಟು ಹಾಕಲು ಒಳನಾಡಿನಲ್ಲೂ 135. ಇಳಿಸಿದ ಹಂಚು ಮತ್ತು ಮರ ಮಾರಿ ಬರುವುದನ್ನು 20 ಎಂದು ಇಟ್ಟರೂ, ಮರದ ದುರಸ್ತಿ 58 ದಾಟುವವರೆಗೆ ಹಂಚೇ ಅಗ್ಗ. ಹಾಗಾಗಿ ನಾಲ್ಕು ಕಡೆ ಸೋರಿತೆಂದು ಇಡೀ ಮಾಡನ್ನು ಇಳಿಸುವುದು ಲೆಕ್ಕಕ್ಕೆ ಒಪ್ಪುವ ಕೆಲಸವಲ್ಲ.

6. ಲೆಕ್ಕಕ್ಕೆ ಪೂರ್ತಿ ಸಿಗದವು

ಅರ್ಧ ಮಿಲಿಮೀಟರ್ ಶೀಟು ಬಿಸಿಲಿನ ಝಳವನ್ನು ನಿಮಿಷಗಳಲ್ಲಿ ಒಳಗಿಳಿಸುತ್ತದೆ. ಹಂಚು ನಿಧಾನವಾಗಿ ಕಾಯುತ್ತದೆ, ಹಂಚುಗಳ ಸಂದಿಯಲ್ಲಿ ಬಿಸಿಗಾಳಿ ಹೊರಹೋಗುತ್ತದೆ. ಶೀಟಿನಡಿ ವಾಸಿಸಬೇಕಾದರೆ ಒಳಮುಚ್ಚಿಗೆ ಬೇಕು. ಆಷಾಢದ ಮಳೆಯ ಸದ್ದಿಗೂ ಅದೇ ಮದ್ದು. ಆ ಖರ್ಚನ್ನು ಸೇರಿಸಿದರೆ ಮೇಲಿನ ನಾಲ್ಕೂ ಅಂಕಿಗಳು ಅಷ್ಟಷ್ಟು ಏರುತ್ತವೆ. ಟೆರೇಸಿನ ಮೇಲೆ ಬರೀ ನೀರು ತಡೆಯಲು ಶೀಟು ಹಾಕುವವರಿಗೆ, ಅಡಿಕೆ ಅಂಗಳಕ್ಕೆ ಹಾಕುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಗಾಳಿಯ ವಿಷಯದಲ್ಲಿ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಮಂಗಳೂರಿಗೆ ಸೆಕೆಂಡಿಗೆ 39 ಮೀಟರಿನ ಮೂಲವೇಗ ನಿಗದಿಪಡಿಸಿದೆ. ಜಾಗ ಮತ್ತು ಎತ್ತರದ ತಿದ್ದುಪಡಿಗಳನ್ನು ಬದಿಗಿಟ್ಟರೆ ಇದರ ಒತ್ತಡ ಚದರ ಮೀಟರಿಗೆ ಸುಮಾರು 93 ಕಿಲೋ ಭಾರಕ್ಕೆ ಸಮ. 5 ಕಿಲೋ ತೂಗುವ ಶೀಟನ್ನು ಹಿಡಿದಿಡುವುದು ಸ್ಕ್ರೂ ಮತ್ತು ಕೆಳಗಿನ ಪಟ್ಟಿ ಮಾತ್ರ. ಹಂಚೂ ಗಾಳಿಗೆ ಹಾರುತ್ತದೆ, ಆದರೆ ಬಿಡಿಬಿಡಿಯಾಗಿ. ಹಾರಿದ ಹತ್ತು ಹಂಚನ್ನು ಮರುದಿನ ಹೊದಿಸಬಹುದು. ಶೀಟು ಎದ್ದರೆ ಒಂದು ಬದಿಯ ಮಾಡೇ ಹೋಗುತ್ತದೆ.

7. ಸಮಾರೋಪ

ಮೇಲಿನ ಲೆಕ್ಕದಿಂದ ನಾಲ್ಕು ತೀರ್ಮಾನಗಳು ಹೊರಡುತ್ತವೆ. ಮರ ಗಟ್ಟಿಯಿರುವ ಹಂಚಿನ ಮಾಡನ್ನು ಎಲ್ಲೇ ಇರಲಿ ಉಳಿಸಿಕೊಳ್ಳುವುದು ಲಾಭ. ಕಡಲಂಚಿನಲ್ಲಿ ತೆಳು ಲೇಪದ ಶೀಟು ಮೊದಲ ದಿನ ಅಗ್ಗವಾಗಿ ಕಂಡರೂ ಕೊನೆಗೆ ಎಲ್ಲಕ್ಕಿಂತ ದುಬಾರಿ. ಒಳನಾಡಿನಲ್ಲಿ ಹೊಸದಾಗಿ ಕಟ್ಟುವ, ಮಾಡು ಹತ್ತುವವರಿಲ್ಲದ ಮನೆಗೆ ಒಳ್ಳೆಯ ಲೇಪದ ಶೀಟು ತಕ್ಕ ಆಯ್ಕೆ. ಅದನ್ನು ಹಾಕಿಸಿದವರನ್ನು ಪರಂಪರೆ ಬಿಟ್ಟವರೆಂದು ದೂರುವುದರಲ್ಲಿ ಅರ್ಥವಿಲ್ಲ. ಮನೆಯವರೇ ಕೈಯಾಡಿಸುವ ಕಡೆ, ಸ್ವಂತ ತೋಟದ ಮರ ಸಿಗುವ ಕಡೆ, ಒಳನಾಡಿನಲ್ಲೂ ಹಂಚು ಇನ್ನೂ ಸೋತಿಲ್ಲ.

ಶೀಟು ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಬಣ್ಣ ಯಾವುದು, ದಪ್ಪ ಎಷ್ಟು ಎಂದು. ಲೇಪ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಮನೆ ಸಮುದ್ರದಿಂದ ಎಷ್ಟು ದೂರ ಎಂಬುದರ ಜೊತೆಗೆ, ಶೀಟಿನ ಮಾಡು ಎಷ್ಟು ವರ್ಷ ಬಾಳೀತು ಎಂಬುದನ್ನು ಮುಂಚಿತವಾಗಿ ಅಂದಾಜಿಸಲು ನೆರವಾಗುವ ಅಂಕಿ ಅದು.