ಬಟ್ಟೆ ಪುಡಿ, ಪಾತ್ರೆ ಪುಡಿ: ಎರಡು ಡಬ್ಬಿಗಳ ಚರಿತ್ರೆ

ನಮ್ಮ ಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದ ಹೊಸತು. ಯಂತ್ರಕ್ಕೆ ಹಾಕುವ ಪುಡಿ ಮುಗಿದಿದ್ದ ಒಂದು ದಿನ ನಾನು ಬಟ್ಟೆ ಒಗೆಯುವ ಪುಡಿಯನ್ನೇ ಎರಡು ಚಮಚ ಹಾಕಿ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿನಲ್ಲೇ ಬಾಗಿಲ ಸಂದಿನಿಂದ ನೊರೆ ಇಳಿದು ಅಡುಗೆಮನೆಯ ನೆಲದ ಮೇಲೆ ಹರಡಿತು. ಪಾತ್ರೆಗಳ ಜಿಡ್ಡು ಮಾತ್ರ ಹಾಗೆಯೇ ಇತ್ತು. ವಾರದ ಬಳಿಕ ಇನ್ನೊಂದು ತಪ್ಪು. ತಳ ಸೀದಿದ್ದ ಅಲ್ಯೂಮಿನಿಯಮ್ ಪಾತ್ರೆಯೊಂದನ್ನು ಯಂತ್ರದ ಪುಡಿ ಕದಡಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಪಾತ್ರೆ ಕಪ್ಪಾಗಿತ್ತು. "ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರಿಗೆ ಇಷ್ಟೂ ಗೊತ್ತಿರಲಿಲ್ಲವೆ?" ಎಂದು ಮನೆಯಾಕೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ನೋಡಲು ಒಂದೇ ಬಗೆಯ ಪುಡಿಗಳು ಇಷ್ಟು ಬೇರೆಬೇರೆಯಾಗಿ ವರ್ತಿಸುವುದೇಕೆ? ಉತ್ತರ ಅವುಗಳ ಚರಿತ್ರೆಯಲ್ಲಿದೆ. ಮಾರ್ಜಕದ ಪುಡಿ ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಪ್ರತಿಯೊಂದು ಘಟಕವೂ ಒಂದೊಂದು ಕಾಲದಲ್ಲಿ, ಒಂದೊಂದು ತೊಂದರೆಗೆ ಪರಿಹಾರವಾಗಿ ಬಂದು ಸೇರಿದೆ. ಅದು ಏಕೆ ಬಂದಿತೆಂದು ತಿಳಿದರೆ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದೂ ತಿಳಿಯುತ್ತದೆ.

ಬೂದಿಯಿಂದ ಸೋಡಕ್ಕೆ

ಹಿಂದಿನವರು ಪಾತ್ರೆ ಬೆಳಗಲು ಒಲೆಯ ಬೂದಿ ಬಳಸುತ್ತಿದ್ದುದನ್ನು ನೀವು ಕೇಳಿರಬಹುದು. ಬೂದಿಯಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಇದೆ. ಮಡಿವಾಳರು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಸೋಡಿಯಮ್ ಕಾರ್ಬೊನೇಟ್ ಇದೆ. ಎರಡೂ ಕ್ಷಾರಗಳು, ಜಿಡ್ಡಿನ ಸ್ವಲ್ಪ ಭಾಗವನ್ನು ಸಾಬೂನಾಗಿ ಮಾರ್ಪಡಿಸಿ ಕಳಚುತ್ತವೆ. ಅಂಟುವಾಳ, ಸೀಗೆಕಾಯಿಗಳದ್ದು ಬೇರೆ ದಾರಿ. ಅವುಗಳಲ್ಲಿರುವ ಸಪೋನಿನ್ ತಾನೇ ನೊರೆ ಬರಿಸುವ ವಸ್ತು. ಹೀಗೆ ಇಂದಿನ ಪುಡಿಯ ಎರಡು ಮುಖ್ಯ ಅಂಶಗಳು ನಮ್ಮ ಹಿರಿಯರ ಮನೆಗಳಲ್ಲಿ ಬೇರೆಬೇರೆಯಾಗಿ ಇದ್ದವು.

ಅಡುಗೆ ಉಪ್ಪಿನಿಂದ ಕಾರ್ಖಾನೆಯಲ್ಲಿ ಸೋಡ ತಯಾರಿಸುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಪೇಟೆಂಟ್ ಪಡೆದ. ಸೋಡ ಅಗ್ಗವಾಯಿತು, ಸಾಬೂನೂ ಅಗ್ಗವಾಯಿತು. ಆದರೆ ಆ ಕಾರ್ಖಾನೆಗಳು ಉಗುಳಿದ ಹೈಡ್ರೊಜನ್ ಕ್ಲೋರೈಡ್ ಅನಿಲ ಸುತ್ತಲಿನ ಗಿಡಮರಗಳನ್ನು ಸುಟ್ಟಿತು. ಅದನ್ನು ತಡೆಯಲು ಬ್ರಿಟನ್ 1863ರಲ್ಲಿ 'ಆಲ್ಕಲಿ ಕಾಯಿದೆ'ಯನ್ನೇ ತರಬೇಕಾಯಿತು. ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆ 1861ರಲ್ಲಿ ಕಂಡುಕೊಂಡ ವಿಧಾನ ಮುಂದೆ ಇದರ ಸ್ಥಾನವನ್ನು ಪಡೆಯಿತು. ಒಂದು ಪರಿಹಾರ ಇನ್ನೊಂದು ತೊಂದರೆಯನ್ನು ತರುವ ಈ ಕಥೆ ಮುಂದೆಯೂ ಮರುಕಳಿಸುವುದನ್ನು ನೀವು ಕಾಣುವಿರಿ.

ಪಾತ್ರೆ ತೊಳೆದ ನೀರಿನ ಭೌತವಿಜ್ಞಾನ

ನೊರೆ ಬರಿಸುವ ಅಣುವಿಗೆ ಎರಡು ತುದಿ. ಒಂದು ನೀರನ್ನು ಬಯಸುತ್ತದೆ, ಇನ್ನೊಂದು ಎಣ್ಣೆಯನ್ನು. ಎಣ್ಣೆ ಬಯಸುವ ತುದಿ ಜಿಡ್ಡಿಗೆ ಅಂಟಿಕೊಂಡರೆ ಇನ್ನೊಂದು ತುದಿ ಅದನ್ನು ನೀರಿನೊಳಗೆ ಎಳೆದೊಯ್ಯುತ್ತದೆ. ಇಂಥ ಅಣುಗಳು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ಮೇಲ್ಮೈ ಎಳೆತವನ್ನು ತಗ್ಗಿಸುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.073 ನ್ಯೂಟನ್. ಸಾಬೂನು ಬೆರೆಸಿದಾಗ ಅದು ಅರ್ಧಕ್ಕಿಂತ ಕಡಿಮೆಯಾಗಬಲ್ಲದು. ಆಗ ನೀರು ಬಟ್ಟೆಯ ಎಳೆಗಳ ಸಂದುಗಳಿಗೆ ಸುಲಭವಾಗಿ ಇಳಿಯುತ್ತದೆ.

ಈ ವಿದ್ಯಮಾನದ ಅಳತೆಗೆ ಅಡಿಪಾಯ ಬಿದ್ದದ್ದು ಅಡುಗೆಮನೆಯಲ್ಲಿ. ಜರ್ಮನಿಯ ಬ್ರೌನ್‌ಷ್ವೈಗ್ ಊರಿನ ಆಗ್ನೆಸ್ ಪಾಕೆಲ್ಸ್‌ಗೆ ವಿಶ್ವವಿದ್ಯಾಲಯದ ಶಿಕ್ಷಣ ಸಿಗಲಿಲ್ಲ. ಮನೆಗೆಲಸದ ನಡುವೆಯೇ ಆಕೆ ತಗಡಿನ ಉದ್ದನೆಯ ತೊಟ್ಟಿಯೊಂದನ್ನು ಬಳಸಿ, ಜಿಡ್ಡು ಸೇರಿದ ನೀರಿನ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆ ಎಂದು ಅಳೆದರು. 1891ರಲ್ಲಿ ತಮ್ಮ ಫಲಿತಾಂಶಗಳನ್ನು ಲಾರ್ಡ್ ರ‍್ಯಾಲೆಗೆ ಪತ್ರದಲ್ಲಿ ಬರೆದು ಕಳುಹಿಸಿದರು. ರ‍್ಯಾಲೆ ಅದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು.

ಸಾಬೂನಿನಿಂದ ಮಾರ್ಜಕಕ್ಕೆ

ಕೊಳವೆ ಬಾವಿಯ ನೀರಿನಲ್ಲಿ ಸಾಬೂನು ನೊರೆ ಬಿಡದೆ ಬಿಳಿ ಗಸಿಯಾಗುವುದು ನಿಮಗೆ ಗೊತ್ತು. ಗಡಸು ನೀರಿನ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಅಯಾನುಗಳೊಡನೆ ಸಾಬೂನು ಸೇರಿ ಕರಗದ ಲವಣವಾಗುತ್ತದೆ. ಇದು ಸಾಬೂನಿನ ದೊಡ್ಡ ದೋಷ.

1907ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ 'ಪರ್ಸಿಲ್' ಪುಡಿಯನ್ನು ಮಾರುಕಟ್ಟೆಗೆ ತಂದಿತು. ಸಾಬೂನಿನೊಂದಿಗೆ ಕಲೆ ತೆಗೆಯುವ ಪರ್‌ಬೊರೇಟ್ ಮತ್ತು ಸಿಲಿಕೇಟ್ ಅದರಲ್ಲಿದ್ದವು. ಹೆಸರು ಬಂದದ್ದೂ ಈ ಎರಡು ಪದಗಳಿಂದಲೇ. 1913ರಲ್ಲಿ ಆಟೊ ರೋಮ್ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಕೊಬ್ಬಿಗೆ ಬರ ಬಂದಾಗ ಜರ್ಮನ್ ರಸಾಯನವಿಜ್ಞಾನಿಗಳು ಕೊಬ್ಬಿಲ್ಲದೆ ನೊರೆ ಬರಿಸುವ ಸಂಶ್ಲೇಷಿತ ವಸ್ತುಗಳತ್ತ ಹೊರಳಿದರು. ಮನೆಬಳಕೆಯ ಸಂಶ್ಲೇಷಿತ ಮಾರ್ಜಕಗಳಾಗಿ 1932ರಲ್ಲಿ ಜರ್ಮನಿಯಲ್ಲಿ 'ಫೇವಾ', 1933ರಲ್ಲಿ ಅಮೆರಿಕದಲ್ಲಿ 'ಡ್ರೆಫ್ಟ್' ಬಂದವು. ಇವು ಗಡಸು ನೀರಿನಲ್ಲಿಯೂ ಕೆಲಸ ಮಾಡಿದರೂ ಹೆಚ್ಚು ಕೊಳೆಯಾದ ಬಟ್ಟೆಗೆ ಸಾಲುತ್ತಿರಲಿಲ್ಲ.

ಆ ಕೊರತೆ ನೀಗಿದ್ದು ಫಾಸ್ಫೇಟಿನಿಂದ. ಸೋಡಿಯಮ್ ಟ್ರೈಪಾಲಿಫಾಸ್ಫೇಟ್ ಕ್ಯಾಲ್ಸಿಯಮ್ ಅಯಾನನ್ನು ಹಿಡಿದಿಟ್ಟುಕೊಂಡು ನೀರನ್ನು ಮೆದುವಾಗಿಸುತ್ತದೆ, ಕಳಚಿದ ಕೊಳೆ ಮತ್ತೆ ಅಂಟದಂತೆ ತಡೆಯುತ್ತದೆ. ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಬೆರೆಸಿದ 'ಟೈಡ್' 1946ರಲ್ಲಿ ಅಮೆರಿಕದ ಅಂಗಡಿಗಳನ್ನು ತಲಪಿತು. ಭಾರತದಲ್ಲಿ 1959ರಲ್ಲಿ 'ಸರ್ಫ್' ಬಂದಿತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಆರಂಭಿಸಿದ 'ನಿರ್ಮಾ' ಪುಡಿ, ಕಡಿಮೆ ಬೆಲೆಯಿಂದಾಗಿ ಬಡವರ ಮನೆಗಳಿಗೂ ತಲಪಿತು.

ನೊರೆ ಬೇಡದ ಪುಡಿ

ಅಮೆರಿಕದ ಜೋಸೆಫೀನ್ ಕೊಕ್ರೇನ್ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1893ರ ಷಿಕಾಗೊ ವಿಶ್ವಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಈ ಯಂತ್ರದಲ್ಲಿ ಪಾತ್ರೆಯನ್ನು ಉಜ್ಜುವ ಕೈ ಇಲ್ಲ. ರಭಸದಿಂದ ಬಡಿಯುವ ಬಿಸಿನೀರೇ ಆ ಕೆಲಸ ಮಾಡಬೇಕು. ನೊರೆ ತುಂಬಿದರೆ ಪಂಪು ನೀರಿನ ಬದಲು ಗಾಳಿಗುಳ್ಳೆಗಳನ್ನು ಎಳೆಯುತ್ತದೆ, ನೀರಿನ ಹೊಡೆತ ಮೆತ್ತಗಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ.

ಆದ್ದರಿಂದ ಯಂತ್ರದ ಪುಡಿಯಲ್ಲಿ ನೊರೆಕಾರಕ ಅತ್ಯಲ್ಪ. ಅದರ ಬದಲು ಪ್ರಬಲ ಕ್ಷಾರ, ಕಲೆ ತೆಗೆಯುವ ಪರ್‌ಕಾರ್ಬೊನೇಟ್ ಮತ್ತು ಪಿಷ್ಟ, ಪ್ರೋಟೀನುಗಳನ್ನು ಒಡೆಯುವ ಕಿಣ್ವಗಳು ಇರುತ್ತವೆ. ಅಲ್ಯೂಮಿನಿಯಮ್ಮಿಗೆ ರಕ್ಷಣೆ ನೀಡುವುದು ಅದರ ಮೇಲಿನ ತೆಳುವಾದ ಆಕ್ಸೈಡ್ ಪದರ. ಪ್ರಬಲ ಕ್ಷಾರ ಅದನ್ನು ಕರಗಿಸಿ ಲೋಹವನ್ನೇ ತಿನ್ನತೊಡಗುತ್ತದೆ. ನನ್ನ ಪಾತ್ರೆ ಕಪ್ಪಾದದ್ದು ಹೀಗೆ.

ಮೋರಿಯ ಆಚೆ

ತೊಳೆದ ನೀರು ಮೋರಿಗೆ ಇಳಿದ ಮೇಲೆ ಏನಾಗುತ್ತದೆ? 1950ರ ದಶಕದಲ್ಲಿ ಯುರೋಪು, ಅಮೆರಿಕಗಳ ನದಿಗಳಲ್ಲಿ ನೊರೆಯ ಗುಡ್ಡಗಳು ತೇಲಿದವು. ಆಗಿನ ಮಾರ್ಜಕ ಅಣುಗಳ ಇಂಗಾಲದ ಸರಪಳಿ ಕವಲೊಡೆದಿತ್ತು. ಬ್ಯಾಕ್ಟೀರಿಯಗಳಿಗೆ ಅದನ್ನು ಒಡೆಯುವುದು ಕಷ್ಟ. 1960ರ ದಶಕದ ಮಧ್ಯದಲ್ಲಿ ತಯಾರಕರು ನೇರ ಸರಪಳಿಯ ಅಣುಗಳಿಗೆ ಬದಲಾದರು.

ನಂತರ ಬಂದದ್ದು ಫಾಸ್ಫೇಟಿನ ಸರದಿ. 1973ರಲ್ಲಿ ಕೆನಡದ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೊದ 226ನೆಯ ಸಂಖ್ಯೆಯ ಸರೋವರವನ್ನು ಪರದೆಯೊಂದರಿಂದ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ನೈಟ್ರೊಜನ್, ಇನ್ನೊಂದಕ್ಕೆ ಅವುಗಳೊಂದಿಗೆ ಫಾಸ್ಫರಸ್ ಹಾಕಿದರು. ಫಾಸ್ಫರಸ್ ಬಿದ್ದ ಭಾಗ ಮಾತ್ರ ಪಾಚಿ ಬೆಳೆದು ಹಸಿರಾಯಿತು. ವಿಮಾನದಿಂದ ತೆಗೆದ ಆ ಒಂದು ಚಿತ್ರ ವಾದವಿವಾದಗಳಿಗಿಂತ ಹೆಚ್ಚು ಪರಿಣಾಮಕಾರಿಯಾಯಿತು. ಅನೇಕ ದೇಶಗಳಲ್ಲಿ ಫಾಸ್ಫೇಟಿನ ಜಾಗಕ್ಕೆ ಜಿಯೊಲೈಟ್ ಬಂದಿತು. ಯುರೋಪಿನ ಒಕ್ಕೂಟ ಮನೆಬಳಕೆಯ ಬಟ್ಟೆ ಪುಡಿಯಲ್ಲಿ 2013ರಿಂದ, ಯಂತ್ರದ ಪಾತ್ರೆ ಪುಡಿಯಲ್ಲಿ 2017ರಿಂದ ಫಾಸ್ಫರಸ್‌ಗೆ ಬಿಗಿಯಾದ ಮಿತಿ ಹಾಕಿದೆ.

ಹಾಗಾದರೆ ತೊಂದರೆ ಮುಗಿಯಿತೆ? 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನು ನೆನಪಿಸಿಕೊಳ್ಳಿ. ನೇರ ಸರಪಳಿಯ ಅಣುವನ್ನು ಬ್ಯಾಕ್ಟೀರಿಯ ಒಡೆಯುವುದು ನಿಜ, ಆದರೆ ಅದಕ್ಕೆ ಆಮ್ಲಜನಕ ಬೇಕು. ಕೊಳಚೆ ತುಂಬಿ ಉಸಿರುಕಟ್ಟಿದ ಕೆರೆಯಲ್ಲಿ ಆಮ್ಲಜನಕವೆಲ್ಲಿ? ಒಡೆಯದೆ ಉಳಿದ ಮಾರ್ಜಕ ತಳದ ಕೆಸರಿನಲ್ಲಿ ಸೇರಿಕೊಂಡು, ಜೋರು ಮಳೆ ಬಂದಾಗ ಕದಡಿ ಮೇಲೇಳುತ್ತದೆ. ಪ್ರಯೋಗಾಲಯ ಅಣುವನ್ನು ಬದಲಿಸಬಹುದು. ಕೊಳಚೆಯನ್ನು ಶುದ್ಧೀಕರಿಸುವ ಹೊಣೆ ಊರಿನದು.

ನಿಮ್ಮ ಮನೆಯಲ್ಲಿ

ಈ ಚರಿತ್ರೆಯಿಂದ ಮನೆಗೆಲಸಕ್ಕೆ ಸಿಗುವ ಪಾಠಗಳು ಹಲವು.

ಜಿಡ್ಡಾದ ನೆಲ, ಒಲೆಯ ಸುತ್ತಲಿನ ಹಂಚು, ಸ್ನಾನದ ಬಕೆಟ್ಟು ಇವುಗಳಿಗೆ ಬಟ್ಟೆ ಪುಡಿಯ ತಿಳಿಯಾದ ದ್ರಾವಣ ಸಾಕು. ಬಕೆಟ್ ನೀರಿಗೆ ಒಂದು ಚಿಕ್ಕ ಚಮಚ ಹಾಕಿ, ಬಳಿಕ ಬರೀ ನೀರಿನಿಂದ ಒರೆಸಿರಿ.

ಪಿಂಗಾಣಿ ಬಟ್ಟಲು, ಸ್ಟೀಲ್ ಫ್ಲಾಸ್ಕುಗಳ ಒಳಗಿನ ಕಾಫಿ, ಟೀ ಕಲೆಗೆ ಯಂತ್ರದ ಪುಡಿ ಒಳ್ಳೆಯದು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ತೊಳೆಯಿರಿ. ಪರ್‌ಕಾರ್ಬೊನೇಟ್ ಆಮ್ಲಜನಕ ಬಿಡುವುದರಿಂದ ಫ್ಲಾಸ್ಕಿನ ಮುಚ್ಚಳ ಹಾಕಬೇಡಿ. ಕೈಗವಸು ಇಲ್ಲದೆ ಈ ಪುಡಿಯನ್ನು ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಲ್ಯೂಮಿನಿಯಮ್ ಪಾತ್ರೆಗೆ ಇದು ಬೇಡವೇ ಬೇಡ.

ರೇಷ್ಮೆ, ಉಣ್ಣೆ ಎರಡೂ ಪ್ರೋಟೀನುಗಳು. ರಕ್ತದ ಕಲೆ ತೆಗೆಯುವ ಕಿಣ್ವಕ್ಕೂ ಮೈಸೂರು ರೇಷ್ಮೆ ಸೀರೆಗೂ ಸ್ನೇಹವಿಲ್ಲ.

ನಲ್ಲಿಯ ಮೇಲಿನ ಬಿಳಿ ಕಲೆ ಕ್ಯಾಲ್ಸಿಯಮ್ ಕಾರ್ಬೊನೇಟ್. ಹಿತ್ತಾಳೆ ದೀಪದ ಕಪ್ಪು ಬಹುಮಟ್ಟಿಗೆ ಆಕ್ಸೈಡ್. ಇವಕ್ಕೆ ಬೇಕಾದದ್ದು ಆಮ್ಲ: ನಿಂಬೆ, ಹುಣಸೆ. ಆದರೆ ಬ್ಲೀಚಿಂಗ್ ಪುಡಿಗೆ ಆಮ್ಲವನ್ನು ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಹೊರಬರುತ್ತದೆ.

ಅಧ್ಯಾಪಕರು ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿಸಬಹುದು. ಒಂದೇ ಗಾತ್ರದ ನಾಲ್ಕು ಸೀಸೆಗಳಲ್ಲಿ ಸಮ ಪ್ರಮಾಣದ ನೀರು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಮಳೆನೀರು, ಉಳಿದ ಮೂರರಲ್ಲಿ ಕೊಳವೆ ಬಾವಿಯ ನೀರು ಇರಲಿ. ಮೂರನೆಯದಕ್ಕೆ ಚಿಟಿಕೆ ವಾಷಿಂಗ್ ಸೋಡ ಹಾಕಿ ಕರಗಿಸಿ. ಮೊದಲ ಮೂರಕ್ಕೆ ಸಾಬೂನಿನ ಚೂರು, ನಾಲ್ಕನೆಯದಕ್ಕೆ ಬಟ್ಟೆ ಪುಡಿ ಹಾಕಿ ಅಲುಗಾಡಿಸಿ, ನೊರೆಯ ಎತ್ತರವನ್ನು ಅಳೆಯಿರಿ. ನೂರೈವತ್ತು ವರ್ಷಗಳ ಚರಿತ್ರೆ ನಾಲ್ಕು ಸೀಸೆಗಳಲ್ಲಿ ಕಾಣುತ್ತದೆ. ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿ: ಈ ಸೀಸೆಗಳ ನೀರನ್ನು ಎಲ್ಲಿಗೆ ಚೆಲ್ಲೋಣ?