ಸೋರೆಬುರುಡೆ ಮಗು ಮತ್ತು ಮಕ್ಕಳು ಮಾಡಿದ ಲೆಕ್ಕ

‘ಆರೋಗ್ಯವೇ ಭಾಗ್ಯ’ ಅಂತ ಪ್ರಬಂಧ ಬರೆಯದೆ ಪ್ರೈಮರಿ ಶಾಲೆ ದಾಟಿದವರು ನಮ್ಮಲ್ಲಿ ಯಾರಿದ್ದಾರೆ? ಮೇಷ್ಟ್ರು ಬೋರ್ಡಿನ ಮೇಲೆ ಬರೆಯೋರು, ನಾವು ನೋಡಿಕೊಂಡು ಬರೆಯುತ್ತಿದ್ದೆವು. ಊಟಕ್ಕೆ ಮುಂಚೆ ಕೈ ತೊಳೆಯಬೇಕು, ಸೊಪ್ಪು ತಿನ್ನಬೇಕು. ಎಲ್ಲರ ಪುಸ್ತಕದಲ್ಲೂ ಅದೇ ಹತ್ತು ಸಾಲು. ನಮ್ಮೂರಿನ ಸಮಾಚಾರ ಅದರಲ್ಲಿ ಒಂದೂ ಇರುತ್ತಿರಲಿಲ್ಲ.

ಈ ಕೆಲಸವನ್ನು ಬೇರೆ ತರಹ ಮಾಡಿಸಿದ ಊರೊಂದು ಮೆಕ್ಸಿಕೋ ದೇಶದಲ್ಲಿದೆ. ಹೆಸರು ಅಹೋಯಾ. ಸಿನಲೋವಾ ರಾಜ್ಯದ ಗುಡ್ಡಗಾಡು ಹಳ್ಳಿ. 1960ರ ದಶಕದಲ್ಲಿ ಅಲ್ಲಿಗೆ ಹೋದವರು ಡೇವಿಡ್ ವರ್ನರ್. ಡಾಕ್ಟರಲ್ಲ, ಜೀವಶಾಸ್ತ್ರದ ಮೇಷ್ಟ್ರು. ಡಾಕ್ಟರಿಲ್ಲದ ಕಡೆ ಜನ ಏನು ಮಾಡಬಹುದು ಅಂತ ಅವರು ಬರೆದ ಪುಸ್ತಕ ಆಮೇಲೆ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಯಿತು.

1978ರಲ್ಲಿ ಲಂಡನ್ನಿನಲ್ಲಿ ಡಾ. ಡೇವಿಡ್ ಮಾರ್ಲಿ ಮತ್ತು ಸಂಗಡಿಗರು ‘ಚೈಲ್ಡ್ ಟು ಚೈಲ್ಡ್’ ಎಂಬ ಕಾರ್ಯಕ್ರಮ ಶುರು ಮಾಡಿದರು. ಮರುವರ್ಷ ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅವರ ಯೋಚನೆ ಸರಳವಾಗಿತ್ತು. ಅಮ್ಮ ಹೊಲಕ್ಕೆ ಹೋದರೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಿರುವುದು ಎಂಟು ಹತ್ತು ವರ್ಷದ ಅಕ್ಕ. ಆರೋಗ್ಯದ ಪಾಠ ಮೊದಲು ಅವಳಿಗೆ ಬೇಕು.

ಆ ಕಾಲದಲ್ಲಿ ಕೂಸುಗಳ ಜೀವ ತೆಗೆಯುತ್ತಿದ್ದದ್ದು ಭೇದಿ. ಭೇದಿಯಾದಾಗ ಮಗುವಿನ ನೆತ್ತಿ ಒಳಕ್ಕೆ ಕುಸಿಯುತ್ತದೆ. ಮೆಕ್ಸಿಕೋದ ಹಳ್ಳಿಗಳಲ್ಲಿ ಅದನ್ನೇ ಒಂದು ಬೇರೆ ಕಾಯಿಲೆ ಅಂದುಕೊಂಡು, ಮಗುವನ್ನು ತಲೆಕೆಳಗೆ ಹಿಡಿಯುವುದು, ಅಂಗುಳನ್ನು ಮೇಲಕ್ಕೆ ಒತ್ತುವುದು ಮಾಡುತ್ತಿದ್ದರು. ನಗಬೇಡಿ. ಭೇದಿ ಆದ ಮಗುವಿಗೆ ನೀರು ಕೊಡಬಾರದು ಅನ್ನೋರು ನಮ್ಮ ಕಡೆಯೂ ಇದ್ದರು, ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ.

ಶಾಲೆಗೆ ಒಂದು ಸೋರೆಬುರುಡೆ ತಂದರು. ಅದರ ಮೇಲೆ ಮಗುವಿನ ಮುಖ ಬರೆದರು. ನೆತ್ತಿಯ ಜಾಗದಲ್ಲಿ ಅಗಲವಾಗಿ ಕೊರೆದು ಒದ್ದೆ ಬಟ್ಟೆ ಹೊದಿಸಿದರು. ಕೆಳಗೊಂದು ತೂತು, ಅದಕ್ಕೆ ಬಿರಡೆ. ಬುರುಡೆ ತುಂಬ ನೀರು. ಬಿರಡೆ ತೆಗೆದರೆ ಮಗುವಿಗೆ ‘ಭೇದಿ’. ನೀರು ಇಳಿದಂತೆ ನೆತ್ತಿಯ ಬಟ್ಟೆ ಗುಳಿ ಬೀಳುವುದನ್ನು ಮಕ್ಕಳು ಕಣ್ಣಾರೆ ಕಂಡರು. ಮತ್ತೆ ನೀರು ತುಂಬಿದರೆ ಬಟ್ಟೆ ಮೇಲೇಳುತ್ತದೆ. ಮದ್ದು ಯಾವುದು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಸಕ್ಕರೆ, ಉಪ್ಪು, ನೀರು ಬೆರೆಸುವುದನ್ನು ಕಲಿತರು. ಉಪ್ಪಿನ ಅಳತೆಗೆ ಒಂದು ಗುರುತು ಇತ್ತು: ಕಣ್ಣೀರಿಗಿಂತ ಉಪ್ಪಾಗಿರಬಾರದು.

ಈ ನೀರಿನ ಶಕ್ತಿ ನಮ್ಮ ದೇಶಕ್ಕೆ ಮೊದಲೇ ಗೊತ್ತಾಗಿತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಇದನ್ನೇ ಬೆರೆಸಿ ಕುಡಿಸಿದ್ದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಆದರೆ ವರದಿಗಾರನಾದ ನನಗೆ ಅಹೋಯಾದಲ್ಲಿ ಹೆಚ್ಚು ಹಿಡಿಸಿದ್ದು ಆಮೇಲಿನ ಕೆಲಸ. ಮಕ್ಕಳು ಪ್ರಶ್ನೆ ಹಿಡಿದುಕೊಂಡು ಮನೆಗೆ ಹೋದರು. ಮನೆಯಲ್ಲಿ ಕೂಸು ಇದೆಯೇ? ಎದೆಹಾಲೋ, ಬಾಟಲಿ ಹಾಲೋ? ಭೇದಿ ಆಗಿತ್ತೇ? ಉತ್ತರ ತಂದು ತರಗತಿಯಲ್ಲಿ ಸೇರಿಸಿ ಎಣಿಸಿದರು. ಬಾಟಲಿ ಹಾಲಿನ ಕೂಸುಗಳಲ್ಲಿ ಭೇದಿ ಐದು ಪಟ್ಟು ಹೆಚ್ಚು! ತಾಯಿಯ ಹಾಲು ಶ್ರೇಷ್ಠ ಅಂತ ಪುಸ್ತಕದಲ್ಲೂ ಇರುತ್ತದೆ. ಇದು ಮಾತ್ರ ಅವರ ಊರಿನ, ಅವರ ತಮ್ಮ ತಂಗಿಯರ ಲೆಕ್ಕ. ಸುಳ್ಳು ಅನ್ನಲು ಯಾರಿಗೂ ದಾರಿಯಿರಲಿಲ್ಲ.

ನಾನು ಮಕ್ಕಳ ಗ್ರಾಮಸಭೆಗಳ ಸುದ್ದಿ ಮಾಡಲು ಹೋಗುತ್ತಿರುತ್ತೇನೆ. ಶೌಚಾಲಯ ಸರಿಯಿಲ್ಲ ಅಂತ ಒಬ್ಬ ಹುಡುಗ ಎದ್ದು ಹೇಳಿದರೆ ಪಿಡಿಒ ‘ನೋಡೋಣ’ ಅನ್ನುತ್ತಾರೆ. ಒಂದು ಸಲ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಚೀಟಿ ತೆಗೆದು ಓದಿದಳು: ಎಷ್ಟು ಹುಡುಗಿಯರು, ಎಷ್ಟು ಬಾಗಿಲಿಗೆ ಚಿಲಕವಿಲ್ಲ, ವಾರದಲ್ಲಿ ಎಷ್ಟು ದಿನ ನೀರು ಬರಲಿಲ್ಲ. ಅವತ್ತು ಪಿಡಿಒ ಪೆನ್ನು ತೆಗೆದು ಬರೆದುಕೊಂಡರು.