ಮೋಜಣಿಯ ಸರಪಳಿಯೂ ವಿದ್ಯಾರ್ಥಿಯ ನಕ್ಷೆಯೂ

ಧಾರವಾಡ ಸೀಮೆಯ ಹೊಲಗದ್ದೆಗಳ ನಕ್ಷೆಗಳಿಗೆ ಮೂಲವಾದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನಡೆದ ಕಂದಾಯ ಮೋಜಣಿ. ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟನು 1843ರ ಸುಮಾರಿಗೆ ಅದನ್ನು ಕೈಗೊಂಡನು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು 1847ರಲ್ಲಿ ಒಪ್ಪಿಸಿದ ಜಂಟಿ ವರದಿಯು ಮುಂಬಯಿ ಇಲಾಖೆಯ ಮೋಜಣಿಗೆ ಆಧಾರಗ್ರಂಥವಾಯಿತು. ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮಣ್ಣು ಎರೆಯೋ ಮಸಾರಿಯೋ, ಅದರ ಆಳವೆಷ್ಟು ಎಂಬುದನ್ನು ನೋಡಿ ಭೂಮಿಯನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಅದಕ್ಕೆ ತಕ್ಕಂತೆ ಆಕಾರವನ್ನು ಗೊತ್ತುಪಡಿಸಲಾಯಿತು.

ಈ ಕಾರ್ಯದ ಸೂಕ್ಷ್ಮತೆಯು ಮೆಚ್ಚತಕ್ಕದ್ದೇ ಸರಿ. ಆದರೆ ಅದರ ಉದ್ದೇಶವನ್ನು ಮರೆಯಲಾಗದು. ಸರಕಾರಕ್ಕೆ ಬರತಕ್ಕ ಕಂದಾಯವನ್ನು ನಿರ್ಣಯಿಸುವದೇ ಅದರ ಗುರಿ. ಹೊಲದ ಬಾಂದುಗಲ್ಲು ಕಾಗದದ ಮೇಲೆ ಬಂದಿತು. ಆ ಹೊಲವನ್ನು ದಾಟಿ ನೀರಿಗೆ ಹೋಗುವ ಜಿಂಕೆಯ ಜಾಡು ಬರಲಿಲ್ಲ. ನಕ್ಷೆಯಲ್ಲಿ ಕಾಣದ ವಸ್ತುವಿಗೆ ದಫ್ತರದಲ್ಲಿ ವಾದಿಸುವವರಿಲ್ಲ. ಈ ಕೊರತೆಯನ್ನು ತುಂಬುವ ಶಕ್ತಿ ವಿದ್ಯಾರ್ಥಿಗಳಿಗುಂಟೆಂಬುದನ್ನು ಇಪ್ಪತ್ತನೆಯ ಶತಮಾನದ ಮೂರು ಉದಾಹರಣೆಗಳು ತೋರಿಸುವವು.

ಮೊದಲನೆಯದು ಭೂಮಿಗೆ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ಭೂಗೋಲ ಶಾಸ್ತ್ರಜ್ಞನಾದ ಡಡ್ಲಿ ಸ್ಟ್ಯಾಂಪನು 1930ರಲ್ಲಿ ಭೂಬಳಕೆಯ ಸಮೀಕ್ಷೆಯನ್ನು ಆರಂಭಿಸಿದನು. ಮೈಲಿಗೆ ಆರು ಅಂಗುಲದ ನಕ್ಷೆಗಳನ್ನು ಹಿಡಿದು ಶಾಲೆಯ ಮಕ್ಕಳು ತಮ್ಮ ತಮ್ಮ ಊರುಗಳಲ್ಲಿ ನಡೆದು, ಯಾವುದು ಉತ್ತ ಭೂಮಿ, ಯಾವುದು ಹುಲ್ಲುಗಾವಲು, ಯಾವುದು ಕಾಡು ಎಂದು ಗುರುತು ಹಾಕಿದರು. ಎರಡನೆಯ ಮಹಾಯುದ್ಧದಲ್ಲಿ ಅನ್ನದ ಅಭಾವವು ತಲೆದೋರಿದಾಗ, ಯಾವ ಭೂಮಿಯನ್ನು ಸಾಗುವಳಿಗೆ ತರಬಹುದೆಂದು ಯೋಚಿಸುವದಕ್ಕೆ ಇದೇ ಸಾಮಗ್ರಿಯು ನೆರವಾಯಿತು.

ಎರಡನೆಯದು ಕರ್ನಾಟಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಪಶ್ಚಿಮ ಘಟ್ಟದ ಜೀವರಾಶಿಯ ಶೋಧನೆಗೆ ತೊಡಗಿದರು. ಹಳ್ಳಿಗರ ಅರಿವನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಗಳೂ ಆ ಕಾಲದಲ್ಲಿಯೇ ರೂಪುಗೊಂಡವು. 2002ರ ಜೀವವೈವಿಧ್ಯ ಕಾಯಿದೆಯೂ 2004ರ ನಿಯಮಗಳೂ ಬಂದ ಮೇಲೆ ಇಂಥ ದಾಖಲೆಯನ್ನು ಸಿದ್ಧಪಡಿಸುವದು ಸ್ಥಳೀಯ ಜೀವವೈವಿಧ್ಯ ಸಮಿತಿಗಳ ಕರ್ತವ್ಯವಾಯಿತು. ವಿದ್ಯಾಭ್ಯಾಸದ ಅಂಗವಾಗಿ ನಡೆದ ಕೆಲಸವು ಶಾಸನದ ನೆಲೆಗೆ ಏರಿದ ದೃಷ್ಟಾಂತವಿದು.

ಮೂರನೆಯದು ದಾರಿಯ ಅಪಾಯವನ್ನು ಕುರಿತದ್ದು. ಅಮೇರಿಕದ ಡೆಟ್ರಾಯಿಟ್ ನಗರದಲ್ಲಿ ವಿಲಿಯಂ ಬಂಗಿ ಎಂಬ ಭೂಗೋಲ ಶಾಸ್ತ್ರಜ್ಞನೂ ಗ್ವೆಂಡೊಲಿನ್ ವಾರೆನ್ ಎಂಬ ತರುಣಿಯೂ ಅಲ್ಲಿಯ ಕರಿಯ ಜನರ ಮಕ್ಕಳು ವಾಹನಗಳಿಗೆ ಸಿಕ್ಕಿ ಸತ್ತ ಸ್ಥಳಗಳ ನಕ್ಷೆಯನ್ನು 1971ರಲ್ಲಿ ಪ್ರಕಟಿಸಿದರು. ಚುಕ್ಕೆಗಳೆಲ್ಲವೂ ಹೊರವಲಯದ ಸಿರಿವಂತರು ಕಚೇರಿಗೆ ಹೋಗಿಬರುವ ದಾರಿಯ ಗುಂಟವೇ ಸಾಲುಗಟ್ಟಿದ್ದವು. ಬಿಡಿಬಿಡಿಯಾಗಿ ಕೇಳಿದಾಗ ದೈವಯೋಗವೆನಿಸಿದ ಮರಣಗಳು, ಒಟ್ಟಾಗಿ ಕಂಡಾಗ ಮನುಷ್ಯರ ಏರ್ಪಾಡಿನ ದೋಷಗಳೆಂದು ಸ್ಪಷ್ಟವಾಯಿತು.

ಈ ಮೂರು ಪಾಠಗಳೂ ಹುಬ್ಬಳ್ಳಿ-ಧಾರವಾಡಕ್ಕೆ ನೇರವಾಗಿ ಅನ್ವಯಿಸುವವು. ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ಊರುಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ನಡುವಣ ಹೊಲ, ಕೆರೆ, ಹಳ್ಳಗಳು ಅಂದಿನಿಂದ ವಸತಿಗೂ ಕಾರಖಾನೆಗೂ ಎಡೆಗೊಡುತ್ತ ಬಂದಿವೆ. ಇವುಗಳ ಹೊರಬದಿಗೆ ಹಾಯ್ದುಹೋಗುವ ಹೆದ್ದಾರಿಯು ಎರಡೇ ಸಾಲಿನದಾಗಿದ್ದುದರಿಂದ ಅಪಘಾತಗಳಿಗೆ ಹೆಸರಾಯಿತು. 2021ನೆಯ ಜನವರಿ 15ರಂದು ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟ ಗೆಳತಿಯರ ವಾಹನವು ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕಿಂತ ಹೆಚ್ಚು ಜನರು ಮಡಿದರು. ರಸ್ತೆಯನ್ನು ಅಗಲಿಸುವ ಕೆಲಸವನ್ನು ಅದರ ತರುವಾಯ ಕೈಗೊಳ್ಳಲಾಯಿತು. ಹಿಂದಿನ ಅಪಘಾತಗಳ ಸ್ಥಳ, ಹೊತ್ತು, ತಿರುವುಗಳನ್ನು ಒಂದೇ ಹಾಳೆಯ ಮೇಲೆ ವರ್ಷವರ್ಷವೂ ಗುರುತಿಸಿಟ್ಟಲ್ಲಿ, ಮುಂದಿನ ಎಚ್ಚರಿಕೆಗೆ ಇನ್ನೊಂದು ದುರಂತದ ಹಾದಿ ಕಾಯುವ ಅವಶ್ಯಕತೆಯಿರದು.

ವನ್ಯಮೃಗಗಳ ವಿಷಯವೂ ಹಾಗೆಯೇ. 1997ರ ವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗಧಾಮವು 1974ರಲ್ಲಿ ಸ್ಥಾಪಿತವಾಯಿತು. ಆದರೆ ಧಾಮದ ಗೆರೆಯನ್ನು ಕೃಷ್ಣಮೃಗವು ಅರಿಯದು. ಅದು ಸುತ್ತಲಿನ ಹೊಲಗಳಿಗಿಳಿದು ಪೈರನ್ನು ಮೇಯುವದು. ಯಾವ ಸರ್ವೆ ನಂಬರಿನಲ್ಲಿ, ಯಾವ ತಿಂಗಳಲ್ಲಿ ಎಷ್ಟು ಹಾನಿಯಾಯಿತೆಂದು ಗುರುತಿಸಿದ ನಕ್ಷೆಯು ಒಕ್ಕಲಿಗನ ಪರಿಹಾರಕ್ಕೂ ಮೃಗದ ರಕ್ಷಣೆಗೂ ಸಮಾನವಾಗಿ ಒದಗಬಲ್ಲದು. ವಿಂಗೇಟನ ಕಾಲದ ಸರ್ವೆ ನಂಬರು ಇಲ್ಲಿ ಹೊಸ ಪ್ರಯೋಜನವನ್ನು ಪಡೆಯುವದು.

ಇಂಥ ಕೆಲಸಕ್ಕೆ ಹಿಂದೆ ಇದ್ದ ಅಡ್ಡಿಗಳು ಬಹುಮಟ್ಟಿಗೆ ತೊಲಗಿವೆ. 2021ನೆಯ ಫೆಬ್ರುವರಿ 15ರಂದು ಭಾರತ ಸರಕಾರವು ಹೊರಡಿಸಿದ ಮಾರ್ಗಸೂಚಿಗಳಂತೆ, ಭಾರತೀಯರು ನಕ್ಷೆಯನ್ನು ರಚಿಸುವದಕ್ಕೆ ಮುಂಗಡ ಅನುಮತಿಯು ಬೇಕಾಗಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ವಿದ್ಯಾಲಯಗಳು ಒಂದೇ ನಗರದಲ್ಲಿ ನೆಲೆಗೊಂಡಿರುವದರಿಂದ ಭೂಮಿ, ಪ್ರಾಣಿ, ರಸ್ತೆ ಈ ಮೂರನ್ನೂ ಬಲ್ಲವರು ಇಲ್ಲಿ ದೊರೆಯುವರು.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಪ್ರಾಣಿಯ ಗವಿಯನ್ನೋ ಅಪರೂಪದ ಮೂಲಿಕೆಯ ನೆಲೆಯನ್ನೋ ಬಯಲಿಗಿಟ್ಟ ನಕ್ಷೆಯು ಬೇಟೆಗಾರನ ಕೈಪಿಡಿಯಾಗುವದು; ಎಲ್ಲವನ್ನೂ ಪ್ರಕಟಿಸುವದು ವಿವೇಕವಲ್ಲ. ಎರಡನೆಯದಾಗಿ, ಪರೀಕ್ಷೆಯ ಅಂಕಗಳಿಗಾಗಿ ಬರೆದು ಕಪಾಟಿನಲ್ಲಿ ಕಟ್ಟಿಟ್ಟ ನಕ್ಷೆಯಿಂದ ಯಾರಿಗೂ ಉಪಕಾರವಿಲ್ಲ. ತಾರೀಖು, ಸ್ಥಳ, ಮಾಹಿತಿಯ ಆಧಾರ ಇವುಗಳನ್ನು ನಮೂದಿಸಿ, ಯಾವ ಊರಿನ ನೆಲವನ್ನು ಅಳೆಯಲಾಯಿತೋ ಆ ಊರಿನ ಪಂಚಾಯತಿಗೇ ಅದನ್ನು ಒಪ್ಪಿಸಬೇಕು. ಮೋಜಣಿಯ ಸರಪಳಿಯು ಹೊಲದಿಂದ ಹೊಲಕ್ಕೆ ಹೋಗಿ ಸರಕಾರದ ಪಾಲನ್ನು ಎಣಿಸಿತು. ಅದೇ ಹೊಲಗಳ ಮೇಲೆ ನಡೆಯುವ ವಿದ್ಯಾರ್ಥಿಯು ಊರಿನ ಪಾಲನ್ನೂ ಮೂಕಪ್ರಾಣಿಯ ಪಾಲನ್ನೂ ಎಣಿಸಿಕೊಟ್ಟಲ್ಲಿ, ಅಂದು ಬಿಟ್ಟುಹೋದ ಲೆಕ್ಕವು ಪೂರ್ತಿಯಾಗುವದು.